ವಸಂತದ ಹಿಮವನ್ನು ಅಡಿಗಳಲ್ಲಿ ಅಳೆಯಬೇಡಿ

ಏಪ್ರಿಲ್ ಕಾಲಿಟ್ಟ ಮೇಲೆ ಅಮೆರಿಕದ ದೊಡ್ಡ ಸ್ಕೀ ರೆಸಾರ್ಟ್‌ಗಳು ಜನರನ್ನು ಕರೆಯುವುದು ಒಂದು ಅಂಕಿಯನ್ನು ಮುಂದಿಟ್ಟುಕೊಂಡು. ಬೆಟ್ಟದ ತುದಿಯಲ್ಲಿ ಇನ್ನೂ ಇಷ್ಟು ಅಡಿ ಹಿಮವಿದೆ, ಈ ಸಲ ಒಟ್ಟು ಇಷ್ಟು ಇಂಚು ಬಿದ್ದಿದೆ, ಆದ್ದರಿಂದ ಬನ್ನಿ. ಕ್ಯಾಲಿಫೋರ್ನಿಯಾದ ಮ್ಯಾಮತ್ ಮೌಂಟನ್‌ಗೆ ಇಂಥ ಅಂಕಿಗಳ ಕೊರತೆ ಇಲ್ಲ. 2022–23ರ ಋತುವಿನಲ್ಲಿ ಅಲ್ಲಿನ ಮೇನ್ ಲಾಡ್ಜ್ ಬಳಿ ಬಿದ್ದ ಹಿಮ 715 ಇಂಚು, ಅಂದರೆ 18 ಮೀಟರಿಗೂ ಮಿಗಿಲು. ಆ ವರ್ಷ ಲಿಫ್ಟ್‌ಗಳು ಓಡಾಟ ನಿಲ್ಲಿಸಿದ್ದು ಆಗಸ್ಟ್ 6ಕ್ಕೆ. ಈ ಅಂಕಿ ಸುಳ್ಳಲ್ಲ, ಉತ್ಪ್ರೇಕ್ಷೆಯೂ ಅಲ್ಲ. ಆದರೆ ವಸಂತದಲ್ಲಿ ಸ್ಕೀ ಮಾಡಲು ಹೊರಟವರಿಗೆ ಬೇಕಾದ ಉತ್ತರ ಅದರಲ್ಲಿಲ್ಲ. ಕಾಲಡಿಯಲ್ಲಿ ಹಿಮ ಇದೆಯೇ ಎಂಬುದನ್ನು ಅದು ಹೇಳುತ್ತದೆ. ಆ ಹಿಮ ಈ ದಿನ, ಈ ಹೊತ್ತಿನಲ್ಲಿ ಹೇಗಿರುತ್ತದೆ ಎಂಬುದನ್ನು ಹೇಳುವುದಿಲ್ಲ. ಅದನ್ನು ತೀರ್ಮಾನಿಸುವುದು ಹಿಂದಿನ ರಾತ್ರಿ. ಆಕಾಶ ತಿಳಿಯಾಗಿತ್ತೇ, ಗಾಳಿ ಒಣಗಿತ್ತೇ, ಹಗಲಲ್ಲಿ ಕರಗಿದ ನೀರು ಎಷ್ಟು ಆಳದವರೆಗೆ ಮರಳಿ ಹೆಪ್ಪುಗಟ್ಟಿತು, ಇವೇ ವಸಂತದ ಹಿಮದ ಗುಣವನ್ನು ನಿರ್ಧರಿಸುವ ಸಂಗತಿಗಳು. ಚಳಿಗಾಲದ ಕೊನೆಯಲ್ಲಿ ಅಳಿದುಳಿದ ಹಿಮವೆಂದು ಇದನ್ನು ನೋಡುವುದನ್ನು ಬಿಟ್ಟು, ತನ್ನದೇ ನಿಯಮಗಳಿರುವ ಬೇರೆ ಋತುವೆಂದು ನೋಡಬೇಕು. ರೆಸಾರ್ಟ್‌ಗಳ ದೈನಿಕ ವರದಿಯೂ ಆ ನಿಯಮಗಳಿಗೆ ತಕ್ಕಂತೆ ಬದಲಾಗಬೇಕು.

ಈ ಮಾತಿಗೆ ಮ್ಯಾಮತ್ ಒಳ್ಳೆಯ ಉದಾಹರಣೆ. ಸಿಯೆರಾ ನೆವಾಡಾ ಶ್ರೇಣಿಯ ಪೂರ್ವದ ಅಂಚಿನಲ್ಲಿ, 7,60,000 ವರ್ಷಗಳ ಹಿಂದಿನ ಭಾರೀ ಜ್ವಾಲಾಮುಖಿ ಸ್ಫೋಟದಿಂದಾದ ಲಾಂಗ್ ವ್ಯಾಲಿ ಕುಳಿಯ ಬದಿಗೆ, ಲಾವಾದಿಂದಲೇ ಎದ್ದು ನಿಂತ ಬೆಟ್ಟ ಇದು. ತುದಿಯ ಎತ್ತರ 11,053 ಅಡಿ. ಸ್ಕೀ ಪ್ರದೇಶದ ತಳ ಸುಮಾರು 8,000 ಅಡಿ. ಪಶ್ಚಿಮಕ್ಕೆ ಸ್ಯಾನ್ ವಾಕೀನ್ ನದಿಯ ಕಣಿವೆಯಲ್ಲಿ ಶ್ರೇಣಿ ತುಸು ತಗ್ಗಿರುವುದರಿಂದ ಪೆಸಿಫಿಕ್ ಸಾಗರದ ಬಿರುಗಾಳಿಗಳು ಅದರ ಮೂಲಕ ನುಗ್ಗಿ ತಮ್ಮ ತೇವವನ್ನೆಲ್ಲ ಇಲ್ಲಿ ಸುರಿಯುತ್ತವೆ. ಬಿರುಗಾಳಿ ದಾಟಿದ ಮೇಲೆ ಉಳಿಯುವುದು ಪೂರ್ವದ ಮರುಭೂಮಿಯ ಒಣ ಹವೆ, ನಿಚ್ಚಳ ಆಕಾಶ. ಬೇಕಾದಷ್ಟು ಹಿಮ, ಅದರ ಮೇಲೆ ಮೋಡವಿಲ್ಲದ ರಾತ್ರಿಗಳು: ಮ್ಯಾಮತ್‌ನ ದೀರ್ಘ ವಸಂತಕ್ಕೆ ಇವೆರಡೂ ಬೇಕು. ಮೊದಲನೆಯದನ್ನು ಎಲ್ಲರೂ ಹೊಗಳುತ್ತಾರೆ. ಎರಡನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಿಮದ ಒಂದು ಹರಳನ್ನು ಹತ್ತಿರದಿಂದ ನೋಡೋಣ. ಹೊಸದಾಗಿ ಬಿದ್ದಾಗ ಅದಕ್ಕೆ ಕವಲುಗಳು, ಚೂಪು ಮೊನೆಗಳು ಇರುತ್ತವೆ. ಬಿದ್ದ ಗಳಿಗೆಯಿಂದಲೇ ಅವು ಸವೆಯತೊಡಗುತ್ತವೆ. ವಸಂತದ ಬಿಸಿಲಿಗೆ ಚಿಕ್ಕ ಹರಳುಗಳು ಮೊದಲು ಕರಗಿಹೋಗುತ್ತವೆ, ದೊಡ್ಡವು ಉಳಿದು ದುಂಡಗಾಗುತ್ತವೆ, ಕರಗಿದ ನೀರು ಅವುಗಳ ನಡುವಿನ ಸಂದಿಯಲ್ಲಿ ತೆಳು ಪೊರೆಯಾಗಿ ನಿಲ್ಲುತ್ತದೆ. ರಾತ್ರಿ ಆ ನೀರು ಹೆಪ್ಪುಗಟ್ಟಿ ಹರಳು ಹರಳನ್ನು ಬೆಸೆಯುತ್ತದೆ. ಮರುದಿನದ ಬಿಸಿಲಿಗೆ ಬೆಸುಗೆ ಬಿಡುತ್ತದೆ. ಹಗಲು ರಾತ್ರಿಯ ಈ ಆಟ ಹಲವು ದಿನ ನಡೆದರೆ ಇಳಿಜಾರಿನ ಮೇಲ್ಪದರವೆಲ್ಲ ಒಂದೆರಡು ಮಿಲಿಮೀಟರ್ ದಪ್ಪದ ದುಂಡು ಕಣಗಳಾಗುತ್ತದೆ. ಸ್ಕೀ ಮಾಡುವವರು ಕಾರ್ನ್ ಎನ್ನುವುದು ಇದನ್ನೇ. ಸೂರ್ಯ ಹುಟ್ಟುವಾಗ ಅದು ಕಲ್ಲಿನಷ್ಟು ಗಟ್ಟಿ, ಸ್ಕೀಯ ಉಕ್ಕಿನ ಅಂಚು ಕರಕರ ಸದ್ದು ಮಾಡುತ್ತ ಜಾರುತ್ತದೆಯೇ ಹೊರತು ಕಚ್ಚುವುದಿಲ್ಲ. ಮೇಲಿನ ಎರಡು ಮೂರು ಸೆಂಟಿಮೀಟರ್ ಮಾತ್ರ ಸಡಿಲಗೊಂಡು, ಅದರ ಕೆಳಗೆ ರಾತ್ರಿಯ ಬೆಸುಗೆ ಇನ್ನೂ ಗಟ್ಟಿಯಾಗಿರುವ ಹೊತ್ತೊಂದು ಬರುತ್ತದೆ. ಆಗ ಅಂಚು ಹಿತವಾಗಿ ಕಚ್ಚುತ್ತದೆ, ಕೆಳಗಿನ ಪದರ ಭಾರ ಹೊರುತ್ತದೆ, ತಿರುವುಗಳು ಹೊಸಬರಿಗೂ ಸಲೀಸಾಗಿ ಒಲಿಯುತ್ತವೆ. ಆ ಹೊತ್ತು ಮೀರಿದರೆ ಬೆಸುಗೆ ಆಳದವರೆಗೂ ಬಿಟ್ಟುಹೋಗಿ ಹಿಮ ರೊಚ್ಚಾಗುತ್ತದೆ. ಸ್ಕೀಯ ಅಡಿಭಾಗಕ್ಕೆ ನೀರಿನ ಪೊರೆ ಅಂಟಿಕೊಂಡು ಎಳೆದು ಹಿಡಿಯುತ್ತದೆ. ಸ್ಕೀ ಥಟ್ಟನೆ ನಿಂತರೂ ದೇಹ ನಿಲ್ಲದೆ ಮುಂದಕ್ಕೆ ಮುಗ್ಗರಿಸುತ್ತದೆ. ಮಂಡಿಗೆ ಪೆಟ್ಟು ಬೀಳುವುದು ಹೀಗೆ. ಈ ಮೂರು ಅವಸ್ಥೆಗಳೂ ಒಂದೇ ಇಳಿಜಾರಿನಲ್ಲಿ, ಒಂದೇ ಬೆಳಗಿನಲ್ಲಿ ಆಗಿಹೋಗುತ್ತವೆ. ಹಿಮದ ಆಳ ಮೂರರಲ್ಲೂ ಒಂದೇ.

ಹದವಾದ ಆ ಹೊತ್ತು ಅಷ್ಟು ಚಿಕ್ಕದಾಗಿರುವುದೇಕೆ ಎಂಬುದಕ್ಕೆ ಒಂದು ಸ್ಥೂಲ ಲೆಕ್ಕ ಹಾಕಬಹುದು. ಒಂದು ಕಿಲೊ ಹಿಮ ಕರಗಲು 334 ಕಿಲೊಜೂಲ್ ಶಾಖ ಬೇಕು. ಅಷ್ಟು ಶಾಖದಲ್ಲಿ ಒಂದು ಕಿಲೊ ನೀರನ್ನು ಸೊನ್ನೆಯಿಂದ 80 ಡಿಗ್ರಿವರೆಗೆ ಕಾಯಿಸಬಹುದು. ಕರಗಿದ ನೀರು ಮರಳಿ ಹೆಪ್ಪುಗಟ್ಟಬೇಕಾದರೆ ಅಷ್ಟೂ ಶಾಖ ಹೊರಗೆ ಹೋಗಬೇಕು. ಮೋಡವಿಲ್ಲದ ರಾತ್ರಿ ಹಿಮದ ಮೈಯಿಂದ ಪ್ರತಿ ಚದರ ಮೀಟರಿಗೆ 70 ವಾಟ್‌ನಷ್ಟು ಶಾಖ ಆಕಾಶಕ್ಕೆ ಹೊರಟುಹೋಗುತ್ತದೆ ಎಂದಿಟ್ಟುಕೊಳ್ಳಿ. ಹತ್ತು ಗಂಟೆಯಲ್ಲಿ ಏಳೂವರೆ ಕಿಲೊ ನೀರು ಹೆಪ್ಪುಗಟ್ಟುತ್ತದೆ. ಒದ್ದೆ ಹಿಮದ ಗಾತ್ರದಲ್ಲಿ ನೂರಕ್ಕೆ ಐದು ಪಾಲು ನೀರಿದ್ದರೆ, ಹೀಗೆ ಗಟ್ಟಿಯಾಗುವ ಪದರ ಸುಮಾರು 15 ಸೆಂಟಿಮೀಟರ್. ಇನ್ನು ಹಗಲಿನ ಕಡೆ ನೋಡಿ. ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ 80ರಿಂದ 90 ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಹಳೆಯ ಒದ್ದೆ ಹಿಮ 50ರಿಂದ 60 ಪಾಲನ್ನಷ್ಟೇ. ಹೀರಿಕೊಳ್ಳುವ ಪಾಲು ಎರಡರಿಂದ ಐದು ಪಟ್ಟಾಯಿತು. ಧೂಳೋ ಕಾಡ್ಗಿಚ್ಚಿನ ಮಸಿಯೋ ಕೂತಿದ್ದರೆ ಇನ್ನೂ ಹೆಚ್ಚು. ಬೆಳಗ್ಗೆ ಒಂಬತ್ತು ಹತ್ತರ ಬಿಸಿಲಿನಲ್ಲಿ ಚದರ ಮೀಟರಿಗೆ 250 ವಾಟ್ ಹಿಮಕ್ಕೆ ಇಳಿದರೂ, ರಾತ್ರಿ ಹತ್ತು ಗಂಟೆ ಕೂಡಿಟ್ಟ ಗಟ್ಟಿತನ ಮೂರು ಗಂಟೆಯೊಳಗೆ ಕರಗಿಹೋಗುತ್ತದೆ. ಮೊದಲ ಒಂದು ಗಂಟೆ ಹಿಮ ಇನ್ನೂ ಬಿಗಿ, ಕೊನೆಯ ಒಂದು ಗಂಟೆ ಆಗಲೇ ರೊಚ್ಚು. ಒಂದೊಂದು ಇಳಿಜಾರಿಗೂ ಹದವಾದ ಕಾಲ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ.

ಈ ಲೆಕ್ಕದಲ್ಲಿ ಗಾಳಿಯ ಉಷ್ಣಾಂಶ ಬರಲೇ ಇಲ್ಲ ಎಂಬುದನ್ನು ಗಮನಿಸಬೇಕು. ರಾತ್ರಿಯ ಗಾಳಿ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿದ್ದರೂ ಹಿಮದ ಮೈ ಹೆಪ್ಪುಗಟ್ಟಬಲ್ಲದು. ಡಿಸೆಂಬರ್–ಜನವರಿಯಲ್ಲಿ ಊಟಿಯ ಹುಲ್ಲುಹಾಸಿನ ಮೇಲೆ ನಸುಕಿನಲ್ಲಿ ಬಿಳಿ ಮಂಜು ಹೆಪ್ಪುಗಟ್ಟಿ ಕೂತಿರುವ ಚಿತ್ರಗಳನ್ನು ನಮ್ಮ ಪತ್ರಿಕೆಗಳು ಅಚ್ಚು ಹಾಕುತ್ತವಲ್ಲ, ಅದರ ಕಾರಣವೂ ಇದೇ: ನಿಚ್ಚಳ ಆಕಾಶಕ್ಕೆ ಶಾಖ ಬಿಟ್ಟುಕೊಟ್ಟ ನೆಲ ತನ್ನ ಮೇಲಿನ ಗಾಳಿಗಿಂತ ತಣ್ಣಗಾಗುತ್ತದೆ. ಮೋಡ ಕವಿದರೆ ಎರಡೂ ಕಡೆ ಕಥೆ ಕೆಡುತ್ತದೆ. ಹಿಮ ಹೊರಹಾಕಿದ ಶಾಖವನ್ನು ಮೋಡ ಬಹುಪಾಲು ವಾಪಸ್ ಕಳಿಸುವುದರಿಂದ, ಗಾಳಿ ಸೊನ್ನೆಯಲ್ಲೇ ಇದ್ದರೂ ನೀರು ನೀರಾಗಿಯೇ ಬೆಳಗು ಮಾಡುತ್ತದೆ. ಒಣಹವೆಯ ಉಪಕಾರ ಇನ್ನೊಂದು ಬಗೆಯದು. ಒಂದು ಕಿಲೊ ನೀರು ಆವಿಯಾಗಲು ಸುಮಾರು 2,500 ಕಿಲೊಜೂಲ್ ಬೇಕು, ಕರಗಲು ಬೇಕಾದದ್ದರ ಏಳು ಪಟ್ಟಿಗೂ ಹೆಚ್ಚು. ಅಂದರೆ ಹಿಮದ ಮೈಯಿಂದ ಒಂದು ಕಿಲೊ ನೀರು ಆವಿಯಾಗಿ ಹೋದರೆ ಉಳಿದ ನೀರಿನಲ್ಲಿ ಏಳು ಕಿಲೊ ಹೆಪ್ಪುಗಟ್ಟುವಷ್ಟು ಶಾಖವನ್ನು ಕೊಂಡೊಯ್ಯುತ್ತದೆ. ಸಿಯೆರಾದ ಪೂರ್ವದ ಒಣಗಾಳಿ ಮ್ಯಾಮತ್‌ಗೆ ಮಾಡುವ ಈ ಉಪಕಾರ ಹಿಮದ ಆಳದ ಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ.

ರಾತ್ರಿ ಕೊಟ್ಟದ್ದನ್ನು ಹಗಲು ಯಾವ ಕ್ರಮದಲ್ಲಿ ಕರಗಿಸುತ್ತದೆ ಎಂಬುದು ಇಳಿಜಾರಿನ ಮುಖವನ್ನು ಅವಲಂಬಿಸಿದೆ. ಪೂರ್ವಕ್ಕೆ ಮುಖ ಮಾಡಿದ್ದು ಮೊದಲು, ದಕ್ಷಿಣದ್ದು ಆಮೇಲೆ, ಪಶ್ಚಿಮದ್ದು ಮಧ್ಯಾಹ್ನದ ಹೊತ್ತಿಗೆ, ಉತ್ತರದ್ದು ಎಲ್ಲಕ್ಕಿಂತ ನಿಧಾನಕ್ಕೆ. ಮ್ಯಾಮತ್‌ನ ಹೆಚ್ಚಿನ ಇಳಿಜಾರುಗಳು ಉತ್ತರಕ್ಕೆ ಮತ್ತು ಪೂರ್ವಕ್ಕೆ ಮುಖ ಮಾಡಿವೆ. ಉತ್ತರದ ಮುಖವೆಂದರೆ ಬಿಸಿಲೇ ತಾಗದು ಎಂಬ ನಂಬಿಕೆ ಚಳಿಗಾಲಕ್ಕೆ ನಿಜ, ವಸಂತಕ್ಕಲ್ಲ. ಮ್ಯಾಮತ್ ಇರುವ 37.6 ಡಿಗ್ರಿ ಅಕ್ಷಾಂಶದಲ್ಲಿ ಡಿಸೆಂಬರ್ 21ರ ನಡುಹಗಲಿನಲ್ಲಿ ಸೂರ್ಯ ದಿಗಂತದಿಂದ 29 ಡಿಗ್ರಿ ಮೇಲಿರುತ್ತಾನೆ. ಉತ್ತರಕ್ಕೆ 30 ಡಿಗ್ರಿ ಇಳಿಜಾರಾದ ಜಾಗಕ್ಕೆ ಆ ದಿನ ನೇರ ಬಿಸಿಲು ಬೀಳುವುದೇ ಇಲ್ಲ. ಏಪ್ರಿಲ್ 20ಕ್ಕೆ ಸೂರ್ಯ 64 ಡಿಗ್ರಿ ಏರಿರುತ್ತಾನೆ. ಅದೇ ಉತ್ತರದ ಇಳಿಜಾರಿನ ಮೇಲೆ ಕಿರಣ ಬೀಳುವ ಕೋನ 34 ಡಿಗ್ರಿ. ಡಿಸೆಂಬರಿನಲ್ಲಿ ಸಮತಟ್ಟು ನೆಲಕ್ಕೆ ಬೀಳುವುದಕ್ಕಿಂತ ಹೆಚ್ಚು ನೇರವಾದ ಬಿಸಿಲು ಏಪ್ರಿಲ್‌ನಲ್ಲಿ ಉತ್ತರದ ಮುಖದ ಮೇಲೂ ಬೀಳುತ್ತದೆ. ಹಾಗಾಗಿ ಕಾರ್ನಿಸ್ ಬೌಲ್‌ನಂಥ ಎತ್ತರದ ಇಳಿಜಾರುಗಳಿಗೂ ವಸಂತದಲ್ಲಿ ಅವುಗಳದೇ ಹೊತ್ತು ಇರುತ್ತದೆ, ಆದರೆ ಕೆಳಗಿನ ಪೂರ್ವದ ಇಳಿಜಾರುಗಳಿಗಿಂತ ತಡವಾಗಿ. ಇದನ್ನು ಬಲ್ಲವರು ಬೆಟ್ಟವನ್ನು ಸೂರ್ಯನ ಹಿಂದೆ ಹಿಂದೆ ಸುತ್ತುತ್ತಾರೆ: ಬೆಳಗ್ಗೆ ಪೂರ್ವದಲ್ಲಿ ಶುರುಮಾಡಿ, ಅಲ್ಲಿ ರೊಚ್ಚಾಗುವಷ್ಟರಲ್ಲಿ ಮೇಲಕ್ಕೂ ಉತ್ತರಕ್ಕೂ ಸರಿದು, ಮಧ್ಯಾಹ್ನದ ಊಟದ ಹೊತ್ತಿಗೆ ಸ್ಕೀ ಬಿಚ್ಚಿಡುತ್ತಾರೆ. ಒಂದು ಇಳಿಜಾರಿಗೆ ಒಂದೇ ಗಂಟೆಯಾದರೂ ಇಡೀ ಬೆಟ್ಟದ ಮೇಲೆ ನಾಲ್ಕು ಗಂಟೆ ಒಳ್ಳೆಯ ಹಿಮ ಸಿಗುವುದು ಹೀಗೆ. ದೊಡ್ಡ ರೆಸಾರ್ಟಿನ ನಿಜವಾದ ಲಾಭ ಇದು. ಎಕರೆಗಟ್ಟಲೆ ಹರವಿಗಿಂತ ದಿಕ್ಕುಗಳ ವೈವಿಧ್ಯ ವಸಂತದಲ್ಲಿ ಹೆಚ್ಚು ಬೆಲೆಯುಳ್ಳದ್ದು.

ಹಿಮವೇ ಇಲ್ಲದಿದ್ದರೆ ಹೆಪ್ಪುಗಟ್ಟುವುದೇನು, ಆಳವೇ ಮೊದಲಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. 2015ರ ಏಪ್ರಿಲ್ 1ರಂದು ಕ್ಯಾಲಿಫೋರ್ನಿಯಾದ ಆಗಿನ ರಾಜ್ಯಪಾಲ ಜೆರ್ರಿ ಬ್ರೌನ್ ಸಿಯೆರಾದ ಫಿಲಿಪ್ಸ್ ಸ್ಟೇಷನ್‌ನಲ್ಲಿ ನಿಂತು ನೀರಿನ ಬಳಕೆ ಕಡಿತಕ್ಕೆ ಆದೇಶ ಕೊಟ್ಟಾಗ ಅವರ ಕಾಲಡಿ ಇದ್ದದ್ದು ಬರಿಯ ಹುಲ್ಲು. ಸಿಯೆರಾದ ಹಿಮ ಆ ದಿನ ವಾಡಿಕೆಯ ಶೇ 5ರಷ್ಟಿತ್ತು. ಅಂಥ ವರ್ಷದಲ್ಲಿ ರಾತ್ರಿಯ ಚಳಿಯನ್ನು ಕಟ್ಟಿಕೊಂಡು ಏನೂ ಮಾಡಲಾಗದು. ಆದರೆ ಒಂದು ಮಿತಿ ದಾಟಿದ ಮೇಲೆ ಆಳಕ್ಕೂ ಗುಣಕ್ಕೂ ನಂಟು ಕಡಿದುಹೋಗುತ್ತದೆ. ಎರಡು ಮೀಟರ್ ಹಿಮವಿದ್ದ ಜಾಗದಲ್ಲಿ ನಾಲ್ಕು ಮೀಟರ್ ಇದ್ದರೆ ಋತು ಹೆಚ್ಚು ದಿನ ನಡೆದೀತು, ಬೆಳಗಿನ ಹದ ಒಂದು ನಿಮಿಷವೂ ಹೆಚ್ಚುವುದಿಲ್ಲ. ಏಕೆಂದರೆ ಬಿಸಿಲಿಗೂ ಚಳಿಗೂ ಸಿಗುವುದು ಮೇಲಿನ ಗೇಣು ಹಿಮ ಮಾತ್ರ. ಋತು ಎಷ್ಟು ದಿನ ನಡೆಯುತ್ತದೆ ಎಂಬುದನ್ನೂ ಆಳವೊಂದೇ ಹೇಳಲಾರದು. 2010–11ರಲ್ಲಿ ಮ್ಯಾಮತ್‌ನಲ್ಲಿ 668 ಇಂಚು ಹಿಮ ಬಿದ್ದು ಆವರೆಗಿನ ದಾಖಲೆಯಾಗಿತ್ತು. ಲಿಫ್ಟ್‌ಗಳು ಜುಲೈ 4ಕ್ಕೆ ನಿಂತವು. 2016–17ರಲ್ಲಿ ಬಿದ್ದದ್ದು ಅದಕ್ಕಿಂತ ಕಡಿಮೆ, ಲಿಫ್ಟ್‌ಗಳು ಓಡಿದ್ದು ಆಗಸ್ಟ್ 6ರವರೆಗೆ. ಮುಚ್ಚುವ ದಿನವನ್ನು ಹಿಮದ ಜತೆಗೆ ಆಡಳಿತದ ಲೆಕ್ಕಾಚಾರವೂ ನಿರ್ಧರಿಸುತ್ತದೆ ಎಂಬುದು ನಿಜ. ಹಾಗಿದ್ದಮೇಲೆ ಇಂಚುಗಳ ಅಂಕಿ ಇನ್ನಷ್ಟು ದುರ್ಬಲ ಸಾಕ್ಷಿಯೇ ಸರಿ.

ಆಳ ನಂಬಿಕೆಗೆ ಅರ್ಹವಲ್ಲ ಎಂಬುದನ್ನು ಹಿಮ ಅಳೆಯುವುದೇ ಕೆಲಸವಾಗಿದ್ದವರು ನೂರು ವರ್ಷಕ್ಕೂ ಹಿಂದೆಯೇ ಕಂಡುಕೊಂಡಿದ್ದರು. ರೀನೊ ನಗರದ ನೆವಾಡಾ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಪಾಠ ಹೇಳುತ್ತಿದ್ದ ಜೇಮ್ಸ್ ಚರ್ಚ್, 20ನೇ ಶತಮಾನದ ಮೊದಲ ದಶಕದಲ್ಲಿ ಮೌಂಟ್ ರೋಸ್ ಬೆಟ್ಟ ಹತ್ತಿ, ಟೊಳ್ಳು ಕೊಳವೆಯನ್ನು ಹಿಮದೊಳಗೆ ಇಳಿಸಿ, ಒಳಗೆ ಸಿಕ್ಕ ಹಿಮವನ್ನು ತೂಗಿ ನೋಡುವ ಪದ್ಧತಿ ರೂಪಿಸಿದರು. ಒಂದೇ ಆಳದ ಎರಡು ಜಾಗಗಳಲ್ಲಿ ನೀರಿನ ಪ್ರಮಾಣ ಬಹಳ ಬೇರೆಯಾಗಿರಬಹುದು. ಕೆಳಗಿನ ಊರುಗಳಿಗೆ ಬೇಕಾದದ್ದು ನೀರಿನ ಲೆಕ್ಕ. ಕ್ಯಾಲಿಫೋರ್ನಿಯಾ ಇವತ್ತಿಗೂ ಏಪ್ರಿಲ್ 1ರ ಸುಮಾರಿಗೆ ಪ್ರಕಟಿಸುವುದು ಹಿಮದಲ್ಲಿರುವ ನೀರನ್ನು. ಮ್ಯಾಮತ್ ರೆಸಾರ್ಟನ್ನು ಕಟ್ಟಿದ ಡೇವ್ ಮೆಕಾಯ್ (1915–2020) ಕೂಡ ಈ ಪರಂಪರೆಯವರೇ. ಪೂರ್ವ ಸಿಯೆರಾದ ನೀರು 1913ರಿಂದ ಕಾಲುವೆಯಲ್ಲಿ ಲಾಸ್ ಏಂಜಲೀಸ್‌ಗೆ ಹರಿಯುತ್ತಿದೆ. ಆ ನಗರದ ಜಲ ಮತ್ತು ವಿದ್ಯುತ್ ಇಲಾಖೆಗಾಗಿ ಸ್ಕೀ ಕಟ್ಟಿಕೊಂಡು ಬೆಟ್ಟ ಹತ್ತಿ ಹಿಮದ ನೀರನ್ನು ಅಳೆಯುವುದು ಮೆಕಾಯ್ ಅವರ ನೌಕರಿಯಾಗಿತ್ತು. 1955ರಲ್ಲಿ ಅಲ್ಲಿ ಮೊದಲ ಚೇರ್‌ಲಿಫ್ಟ್ ಓಡಿಸಿದವರು ಅವರೇ. ಹಿಮವನ್ನು ಒಳಹೊಕ್ಕು ಅಳೆದವರ ಕೈಯಲ್ಲಿ ಹುಟ್ಟಿದ ಉದ್ಯಮ ಮೇಲುಮೇಲಿನ ಆಳದ ಅಂಕಿಗೆ ಜೋತುಬಿದ್ದಿರುವುದು ಬೇಸರದ ಸಂಗತಿ.

ಯಂತ್ರಗಳಿವೆಯಲ್ಲ, ಅವು ಸರಿಮಾಡುವುದಿಲ್ಲವೇ ಎನ್ನುವವರಿದ್ದಾರೆ. ರಾತ್ರಿಯಿಡೀ ಗ್ರೂಮಿಂಗ್ ಯಂತ್ರಗಳು ಓಡಾಡುತ್ತವೆ, ನಿಜ. ಅವು ಉಬ್ಬುತಗ್ಗುಗಳನ್ನು ಅಳಿಸುತ್ತವೆ, ಹಿಮವನ್ನು ಪುಡಿ ಮಾಡಿ ಒತ್ತುತ್ತವೆ. ಆದರೆ ಶಾಖವನ್ನು ಹೊರಹಾಕುವ ಶಕ್ತಿ ಯಾವ ಯಂತ್ರಕ್ಕೂ ಇಲ್ಲ. ಯಂತ್ರ ಹೋದ ಮೇಲೆ ಹಿಮ ಹೆಪ್ಪುಗಟ್ಟಿದರಷ್ಟೇ ಅದರ ಕೆಲಸ ಉಳಿಯುತ್ತದೆ. ಇಲ್ಲವಾದರೆ ಚೊಕ್ಕವಾಗಿ ಗೀರೆಳೆದ ರೊಚ್ಚು. ಕೃತಕ ಹಿಮಕ್ಕೂ ಚಳಿಯೇ ಬೇಕು. ಸ್ಪರ್ಧೆಯ ಜಾಡುಗಳಿಗೆ ಉಪ್ಪು ಎರಚುವ ಉಪಾಯ ಒಂದುಂಟು, 2014ರ ಸೋಚಿ ಚಳಿಗಾಲದ ಒಲಿಂಪಿಕ್ಸ್‌ನಲ್ಲೂ ಅದನ್ನು ಮಾಡಿದರು. ಉಪ್ಪು ಒಂದಷ್ಟು ಹಿಮವನ್ನು ಕರಗಿಸುವಾಗ ಸುತ್ತಲಿನ ಶಾಖವನ್ನು ಸೆಳೆದು ಉಳಿದದ್ದನ್ನು ಗಟ್ಟಿ ಮಾಡುತ್ತದೆ. ಕೆಲವು ಗಂಟೆಗಳ, ಒಂದು ಜಾಡಿನ ಮಟ್ಟಿಗೆ ಅದು ಸರಿ. ಇಡೀ ಬೆಟ್ಟಕ್ಕೆ ಉಪ್ಪು ಸುರಿಯಲಾಗದು, ಸುರಿಯಲೂಬಾರದು. ಕರಗಿದ ಹಿಮ ಕೊನೆಗೆ ಹೊಳೆ ಸೇರುವ ನೀರು.

ರಾತ್ರಿಯ ಲೆಕ್ಕ ಸುಖದ ಮಾತಷ್ಟೇ ಅಲ್ಲ, ಜೀವದ ಮಾತೂ ಹೌದು. ಹೆಪ್ಪುಗಟ್ಟದ ರಾತ್ರಿಯ ಮರುದಿನ ಕರಗಿದ ನೀರು ಆಳಕ್ಕೆ ಇಳಿದು ಒಳಗಿನ ಯಾವುದಾದರೂ ಗಟ್ಟಿ ಪದರದ ಮೇಲೆ ಹರಡಿ ನಿಂತರೆ, ಅದರ ಮೇಲಿನ ಹಿಮವೆಲ್ಲ ಒಟ್ಟಿಗೆ ಜಾರಬಹುದು. ಒದ್ದೆ ಹಿಮಕುಸಿತ ಒಣ ಹಿಮಕುಸಿತಕ್ಕಿಂತ ನಿಧಾನ, ಆದರೆ ಬಹಳ ಭಾರ. ರೆಸಾರ್ಟಿನ ಗಡಿಯೊಳಗೆ ಸ್ಕೀ ಗಸ್ತು ತಂಡ ಇಂಥ ಇಳಿಜಾರುಗಳನ್ನು ಹೊತ್ತಿಗೆ ಮುಂಚೆ ಮುಚ್ಚುತ್ತದೆ. ಇಷ್ಟು ಅಡಿ ಹಿಮವಿದ್ದೂ ಯಾಕೆ ಮುಚ್ಚಿದರು ಎಂದು ಗೊಣಗುವವರು ಆಳದ ಅಂಕಿಯನ್ನಷ್ಟೇ ಓದಿ ಬಂದವರು. ಹಿಮದ ಆಳವೇ ಅಪಾಯವಾದದ್ದೂ ಇದೆ. 2006ರ ಏಪ್ರಿಲ್‌ನಲ್ಲಿ ಮ್ಯಾಮತ್‌ನಲ್ಲಿ ಭಾರೀ ಹಿಮಪಾತದ ನಂತರ ಜ್ವಾಲಾಮುಖಿಯ ಅನಿಲ ಹೊರಸೂಸುವ ಬಿಲವೊಂದರ ಸುತ್ತ ಬೇಲಿ ಸರಿಪಡಿಸುತ್ತಿದ್ದಾಗ ಕಾಲಡಿಯ ಹಿಮ ಕುಸಿದು, ಗಸ್ತು ತಂಡದ ಮೂವರು ಒಳಗಿನ ಇಂಗಾಲದ ಡೈಆಕ್ಸೈಡ್‌ಗೆ ಸಿಕ್ಕಿ ತೀರಿಕೊಂಡರು. 

ಹವಾಮಾನ ಬದಲಾವಣೆಯ ಮಾತು ಬಂದಾಗಲೂ ಚರ್ಚೆ ಆಳದ ಸುತ್ತಲೇ ಗಿರಕಿ ಹೊಡೆಯುತ್ತದೆ. 2023ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಹಿಮ ವಾಡಿಕೆಯ ಎರಡು ಪಟ್ಟಿಗೂ ಹೆಚ್ಚಿದ್ದಾಗ, ಹೆದರುವುದೇನಿದೆ ಎಂದವರು ಕಡಿಮೆ ಜನರಲ್ಲ. ಆದರೆ ಕ್ಯಾಲಿಫೋರ್ನಿಯಾದ ದೀರ್ಘಕಾಲದ ದಾಖಲೆಗಳಲ್ಲಿ ಹಗಲಿನ ಗರಿಷ್ಠ ಉಷ್ಣಾಂಶಕ್ಕಿಂತ ರಾತ್ರಿಯ ಕನಿಷ್ಠ ಉಷ್ಣಾಂಶ ಹೆಚ್ಚು ಏರಿದೆ. ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಹೆಚ್ಚಿದಂತೆ ಹಿಮದಿಂದ ಹೊರಟ ಶಾಖದಲ್ಲಿ ಹೆಚ್ಚು ಪಾಲು ಕೆಳಕ್ಕೆ ಮರಳುತ್ತದೆ, ಮೋಡವಿಲ್ಲದ ರಾತ್ರಿಯಲ್ಲೂ. ಭಾರೀ ಹಿಮ ಬಿದ್ದ ವರ್ಷವೇ ಆದರೂ ರಾತ್ರಿಗಳು ಬೆಚ್ಚಗಾದರೆ ವಸಂತದ ಸ್ಕೀಯಿಂಗ್ ಹಿಮದ ರಾಶಿಯ ಮೇಲೆಯೇ ಮುಗಿದುಹೋಗುತ್ತದೆ. ಮೊದಲು ಹೋಗುವುದು ತಗ್ಗಿನ ಇಳಿಜಾರುಗಳು. ಮ್ಯಾಮತ್‌ನಲ್ಲಿ ವಸಂತ ಬಲಿತಂತೆ ಕೆಳಗಿನ ಈಗಲ್ ಲಾಡ್ಜ್ ಕಡೆಯದು ಮೊದಲು ಮುಚ್ಚಿ, ಕೊನೆಯವರೆಗೂ ಉಳಿಯುವುದು 9,000 ಅಡಿಯ ಮೇನ್ ಲಾಡ್ಜ್. ಅಷ್ಟು ಎತ್ತರ ಇಲ್ಲದ ರೆಸಾರ್ಟ್‌ಗಳಿಗೆ ಹಿಂದೆ ಸರಿಯಲು ಜಾಗವೇ ಇಲ್ಲ.

ವ್ಯಾವಹಾರಿಕ ಆಕ್ಷೇಪವೊಂದು ಉಳಿಯಿತು. ರಜೆಯನ್ನು ತಿಂಗಳು ಮೊದಲೇ ಗೊತ್ತುಮಾಡಿಕೊಳ್ಳಬೇಕು. ರಾತ್ರಿಯ ಚಳಿಯನ್ನು ಅಷ್ಟು ಮುಂಚೆ ಯಾರು ಹೇಳಬಲ್ಲರು? ಬೇ ಏರಿಯಾದಲ್ಲಿ ನೆಲೆಸಿರುವ ಕನ್ನಡಿಗರಿಗೂ ಈ ಕಷ್ಟ ಗೊತ್ತಿರುವುದೇ. ಅವರನ್ನು ನೇರವಾಗಿ ಇಲ್ಲಿಗೆ ತರುವ, ಯೊಸೆಮಿಟಿಯ ಮೇಲಿಂದ ಹಾಯುವ ಟಯೋಗಾ ಪಾಸ್ ರಸ್ತೆ ಚಳಿಗಾಲದಲ್ಲಿ ಮುಚ್ಚಿದ್ದು ಸಾಮಾನ್ಯವಾಗಿ ಮೇ ಕೊನೆಗೋ ಜೂನಿಗೋ ತೆರೆಯುತ್ತದೆ; 2023ರಲ್ಲಂತೂ ಜುಲೈ 22ರವರೆಗೆ ತೆರೆಯಲಿಲ್ಲ. ಅಲ್ಲಿಯವರೆಗೆ ಬೆಟ್ಟಸಾಲನ್ನು ಬಳಸಿಕೊಂಡೇ ಹೋಗಬೇಕು. ಹಾಗೆ ದಿನವಿಡೀ ಕಾರು ಓಡಿಸಿ ಬರುವವರು ಹೋಗಬೇಕೋ ಬೇಡವೋ ಎಂದು ನಿರ್ಧರಿಸಲು ಆಳದ ಅಂಕಿಯನ್ನು ನೋಡಲಿ, ತಪ್ಪಿಲ್ಲ. ತಲುಪಿದ ಮೇಲೆ ಬೆಳಗ್ಗೆ ಎಷ್ಟಕ್ಕೆ ಏಳಬೇಕು, ಮಕ್ಕಳನ್ನು ಯಾವ ಇಳಿಜಾರಿಗೆ ಕರೆದೊಯ್ಯಬೇಕು, ಯಾವಾಗ ನಿಲ್ಲಿಸಬೇಕು ಎಂಬುದಕ್ಕೆ ಅದು ನೆರವಾಗದು. ಹತ್ತು ಗಂಟೆಗೆ ಸಾವಕಾಶವಾಗಿ ತಿಂಡಿ ಮುಗಿಸಿ ಹನ್ನೊಂದಕ್ಕೆ ಲಿಫ್ಟ್ ಹತ್ತಿದವರು ಒಂದು ದಿನದ ದುಬಾರಿ ಟಿಕೆಟ್ ಕೊಟ್ಟು ರೊಚ್ಚಿನಲ್ಲಿ ಒದ್ದಾಡುತ್ತಾರೆ, ವಸಂತದ ಹಿಮವೇ ಹೀಗೆ ಎಂದುಕೊಂಡು ಊರಿಗೆ ಮರಳುತ್ತಾರೆ. ಅವರಿಗೆ ಬೇಕಾದ ವರದಿ ಬೇರೆ: ರಾತ್ರಿ ಬೆಟ್ಟದ ಬುಡದಲ್ಲಿ, ನಡುವಿನಲ್ಲಿ, ತುದಿಯಲ್ಲಿ ಎಷ್ಟು ಚಳಿಯಿತ್ತು, ಎಷ್ಟು ಗಂಟೆ ಆಕಾಶ ತಿಳಿಯಾಗಿತ್ತು, ಹಿಮ ಎಷ್ಟು ಸೆಂಟಿಮೀಟರ್ ಆಳಕ್ಕೆ ಗಟ್ಟಿಯಾಗಿದೆ, ಪೂರ್ವದ ಇಳಿಜಾರು ಎಷ್ಟು ಹೊತ್ತಿಗೆ ಹದಕ್ಕೆ ಬರಬಹುದು, ಉತ್ತರದ್ದು ಎಷ್ಟು ಹೊತ್ತಿಗೆ. ಇದಕ್ಕಾಗಿ ಹೊಸ ಉಪಕರಣ ಕೊಳ್ಳಬೇಕಿಲ್ಲ. ಹಿಮಕುಸಿತದ ಅಪಾಯ ಅಂದಾಜು ಮಾಡಲು ದೊಡ್ಡ ರೆಸಾರ್ಟ್‌ಗಳ ಗಸ್ತು ತಂಡಗಳು ಈ ವಿವರಗಳನ್ನೇ ನಸುಕಿನಲ್ಲಿ ಓದಿ, ಕೈಯಿಂದ ಹಿಮ ಅಗೆದು ನೋಡಿ, ಯಾವುದನ್ನು ತೆರೆಯಬೇಕು ಎಂದು ತೀರ್ಮಾನಿಸುತ್ತವೆ. ಅದೇ ವಿವರ ಟಿಕೆಟ್ ಕೊಂಡವರ ಫೋನಿಗೂ ಲಿಫ್ಟ್ ಶುರುವಾಗುವ ಮುಂಚೆ ಬರಲಿ. ಹಿಮದ ಆಳವನ್ನು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿದರೆ ಸಾಕು.